ಅತ್ತೆ ಎತ್ತಿದ ಎರಡು ಬೆರಳು

“ಕೋಡಲು ನೀಳ್ಳು ಪೋಸುಕುಂದಾ?”

ಬೆಳಿಗ್ಗೆ ನಾನು ವಾಂತಿ ಮಾಡುವ ಸದ್ದು ಕೇಳಿ, ಸನತ್‌ನಗರದ ನಮ್ಮ ಪಕ್ಕದ ಮನೆಯಾಕೆ ಅತ್ತೆಯನ್ನು ತೆಲುಗಿನಲ್ಲಿ ಕೇಳಿದರು. ಸೊಸೆ ಬಸುರಿಯಾ ಎಂದು ಅದರರ್ಥ. ಗದಗಿನಿಂದ ಆಗಷ್ಟೇ ಬಂದಿದ್ದ ಅತ್ತೆಗೆ ಕೇಳಿಸಿದ್ದು ನೀರು ಹೊಯ್ದುಕೊಳ್ಳುವ ಮಾತು, ಅಂದರೆ ಜಳಕ. ಸೊಸೆ ಜಳಕ ಮಾಡುವುದಿಲ್ಲವೆಂದರೆ ಮನೆತನದ ಮರ್ಯಾದೆ ಏನಾಗಬೇಕು? ಎರಡು ಬೆರಳೆತ್ತಿ, “ಹೌದ್ರಿ, ದಿನಾ ಎರಡ ಸಲ!” ಎಂದರು.

ಸಂಜೆಯೊಳಗೆ ಆ ಎರಡು ಬೆರಳು ಕಾಲೊನಿಯಲ್ಲಿ ಅವಳಿ ಮಕ್ಕಳಾದವು. ಡಬ್ಬಿಗಟ್ಟಲೆ ಗೋಂಗೂರ ಪಪ್ಪು, ಅಂದರೆ ಪುಂಡಿಸೊಪ್ಪಿನ ತೊವ್ವೆ, ಬಂತು. ನಾನು ಮೂವರ ಊಟ ಮಾಡಬೇಕಂತೆ!

ಮೂರು ತಿಂಗಳು ತುಂಬುವವರೆಗೆ ಯಾರಿಗೂ ಹೇಳಕೂಡದೆಂದು ನನ್ನಿಂದ ಆಣೆ ಹಾಕಿಸಿಕೊಂಡವರು ಇದೇ ಅತ್ತೆ. ನನ್ನ ಹೊಟ್ಟೆಯಲ್ಲಿ ಅನ್ನ ನಿಲ್ಲುತ್ತಿರಲಿಲ್ಲ, ಸರಿ. ಅವರ ಹೊಟ್ಟೆಯಲ್ಲಿ ಗುಟ್ಟೂ ನಿಲ್ಲಲಿಲ್ಲ.