ಕೊಚ್ಚಿಯಲ್ಲಿ ಎರಡು ದಿನ, ಆಮೇಲೆ ಹಡಗು

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಧನುರ್ಮಾಸ ಮುಗಿದಿತ್ತು ಎಂಬುದಷ್ಟೇ ಖಚಿತ. ಹಾಗಾಗಿ 2024ರ ಜನವರಿ ಕೊನೆ ಇರಬೇಕು. ಅಕ್ಕ ಫೆಬ್ರವರಿ ಎನ್ನುತ್ತಾಳೆ. ನಾನು ದಿನಚರಿ ಬರೆಯುವವಳು. ಆದರೆ ಆ ವಾರ ಬರೆದದ್ದೆಲ್ಲ ರೈಲು, ಹೋಟೆಲು, ನೋಡಿದ ಜಾಗಗಳು, ಅಷ್ಟೇ. ಯಾರು ಯಾವ ಮಾತನ್ನು ಯಾವ ಧ್ವನಿಯಲ್ಲಿ ಹೇಳಿದರು ಎಂದು ಬರೆದಿಟ್ಟಿಲ್ಲ. ಈಗ ನನಗೆ ಬೇಕಾದದ್ದು ಅದೇ.

ಕಾರ್ಕಳದಲ್ಲಿ ಭಾವನ ಪೈಂಟ್ ಅಂಗಡಿ ಉಂಟು. ಒಳ್ಳೆಯ ವ್ಯಾಪಾರ ಮಾಡಿದ ಅಂಗಡಿಯವರಿಗೆ ಕಂಪೆನಿಯವರು ಆಗಾಗ ಪ್ರವಾಸ ಕೊಡುತ್ತಾರೆ. ಆ ವರ್ಷ ಕೊಟ್ಟದ್ದು ಹಡಗಿನ ಪ್ರವಾಸ. ಕೊಚ್ಚಿಯಲ್ಲಿ ಹತ್ತಿ, ಲಕ್ಷದ್ವೀಪದ ಕಡೆ ಹೋಗಿ, ಮುಂಬೈಯಲ್ಲಿ ಇಳಿಯುವುದು. ನಾಲ್ಕು ಜನರಿಗೆ ಅವಕಾಶವಿತ್ತು. ಭಾವ ತಮ್ಮದು, ಅಕ್ಕನದು, ನನ್ನದು, ಅಮ್ಮನದು ಎಂದು ಹೆಸರು ಕೊಟ್ಟೂ ಆಗಿತ್ತು.

ಅಪ್ಪನ ಹೆಸರು ಕೊಡುವ ಪ್ರಶ್ನೆಯೇ ಇರಲಿಲ್ಲ. ಅವರು ಇನ್ನಂಜೆಯಲ್ಲಿ ನಮ್ಮ ಮನೆಗೆ ತಾಗಿಯೇ ಇರುವ ಚಿಕ್ಕ ದೇವಸ್ಥಾನದ ಅರ್ಚಕರು. ನಮ್ಮಲ್ಲಿ ದೇವರನ್ನು ಮುಟ್ಟಿ ಪೂಜೆ ಮಾಡುವವರು ಸಮುದ್ರ ದಾಟುವಂತಿಲ್ಲ. ದಾಟಿದರೆ ಮತ್ತೆ ಗರ್ಭಗುಡಿಯೊಳಗೆ ಹೋಗುವ ಹಾಗಿಲ್ಲ. ಇದು ಸರಿಯೋ ತಪ್ಪೋ ಎಂದು ನಮ್ಮ ಮನೆಯಲ್ಲಿ ಯಾರೂ ಚರ್ಚೆ ಮಾಡಿದವರಲ್ಲ.

ಅಮ್ಮನ ಬಗ್ಗೆ ಮಾತ್ರ ಯಾರೂ ಯೋಚಿಸಿರಲಿಲ್ಲ. ದೇವರ ನೈವೇದ್ಯದ ಅಡುಗೆ ಅವಳದ್ದು. ಬೆಳಕು ಹರಿಯುವ ಮೊದಲು ಸ್ನಾನ ಮಾಡಿ, ಮಡಿ ಸೀರೆ ಉಟ್ಟು, ಯಾರನ್ನೂ ಮುಟ್ಟದೆ ಅನ್ನ, ಪಾಯಸ ಮಾಡಿ ಮುಗಿಸಬೇಕು. ಧನುರ್ಮಾಸದಲ್ಲಿ ಇನ್ನೂ ಬೇಗ. ಕತ್ತಲೆಯಲ್ಲೇ ಎದ್ದು ಹುಗ್ಗಿಗೆ ನೀರಿಡಬೇಕು. ನಾನು ಹುಟ್ಟಿದ ಮೇಲೆ ಅವಳು ತಡವಾಗಿ ಎದ್ದದ್ದನ್ನು ಕಂಡ ನೆನಪು ನನಗಿಲ್ಲ.

ಒಂದು ಭಾನುವಾರ ಸಂಜೆ ಪ್ರವಾಸದ ಯೋಜನೆ ಮಾಡಲಿಕ್ಕೆ ಎಲ್ಲರೂ ಇನ್ನಂಜೆಯ ಚಾವಡಿಯಲ್ಲಿ ಸೇರಿದೆವು. ನಾನು ಪರ್ಕಳದಲ್ಲಿ ಬಾಡಿಗೆಗಿದ್ದು ಮಣಿಪಾಲದಲ್ಲಿ ಪಾಠ ಮಾಡುವವಳು. ವಾರಕ್ಕೊಮ್ಮೆ ಹೇಗೂ ಮನೆಗೆ ಹೋಗುತ್ತೇನೆ. ಅಕ್ಕ, ಭಾವ ಕಾರ್ಕಳದಿಂದ ಬಂದಿದ್ದರು. ಅಪ್ಪ ಮರುದಿನದ ಪೂಜೆಗೆ ತುಳಸಿ ಬಿಡಿಸುತ್ತಾ ಕುಳಿತಿದ್ದರು.

"ಮಾವ, ಅತ್ತೆಯನ್ನು ಕರ್ಕೊಂಡು ಹೋಗ್ತೇವೆ. ನಿಮಗೆ ಅಡ್ಡಿ ಇಲ್ಲ ಅಲ್ವಾ?" ಎಂದು ಭಾವ ಕೇಳಿದರು.

"ನನಗೆ ಎಂತ ಅಡ್ಡಿ? ಹೋಗಲಿ. ಬಂದ ಮೇಲೆ ನೈವೇದ್ಯದ ಅಡುಗೆ ಮಾಡುವ ಹಾಗಿಲ್ಲ, ಅಷ್ಟೇ."

"ಅದು ಹೇಗೆ? ಅತ್ತೆ ಪೂಜೆ ಮಾಡುವುದಿಲ್ಲವಲ್ಲ!"

"ನೈವೇದ್ಯ ದೇವರ ಎದುರಿಗೇ ಹೋಗುವುದಲ್ವಾ?"

ಭಾವ ಅಷ್ಟಕ್ಕೆ ಬಿಡುವವರಲ್ಲ. "ಹಾಗಾದರೆ ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಹೋದವರೆಲ್ಲ ಸಮುದ್ರ ದಾಟಿದ್ದಾ? ಅತ್ತೆಯೂ ಬಂದಿದ್ದರು. ಫೋಟೋ ಉಂಟು ನನ್ನ ಹತ್ರ."

"ಅಲ್ಲಿಂದ ಮಲ್ಪೆ ಕಾಣ್ತದೆ ಮಾರಾಯರೇ. ದಡ ಕಾಣುವಲ್ಲಿವರೆಗೆ ಲೆಕ್ಕಕ್ಕಿಲ್ಲ. ದಡ ತಪ್ಪಿದರೆ ದಾಟಿದ ಹಾಗೆ."

"ವಿಮಾನದಲ್ಲಿ ಹೋದರೆ?"

"ಮೊದಲು ನಿಮ್ಮ ಕಂಪೆನಿ ವಿಮಾನ ಕೊಡಲಿ. ಆಗ ಹೇಳ್ತೇನೆ."

ಅಪ್ಪ ಆ ಅಡುಗೆಯ ಮಾತನ್ನು ಗಟ್ಟಿಯಾಗಿ, ಮುಖ ಎತ್ತದೆ ಹೇಳಿದರು ಎಂದು ನನ್ನ ನೆನಪು. ಇಲ್ಲ, ಅಮ್ಮನ ಕಡೆ ನೋಡಿ ಸ್ವಲ್ಪ ನಕ್ಕಿದ್ದರು ಎಂದು ಅಕ್ಕ ಹೇಳುತ್ತಾಳೆ. ಆಗ ನಾನು ಮೊಬೈಲಿನಲ್ಲಿ ರೈಲು ಹುಡುಕುತ್ತಿದ್ದೆ. ಆದ್ದರಿಂದ ನನ್ನ ನೆನಪನ್ನು ನಾನೇ ಪೂರ್ತಿ ನಂಬುವುದಿಲ್ಲ.

ಬಾಗಿಲಲ್ಲಿ ನಿಂತಿದ್ದ ಅಮ್ಮ, "ಎಲ್ಲರೂ ಸೇರಿ ನನ್ನ ವಿಷಯ ಮಾತಾಡಿ ಮುಗಿಸಿ. ಆಮೇಲೆ ನನಗೂ ಒಂದು ಮಾತು ತಿಳಿಸಿ" ಎಂದಳು. ನಾವು ನಕ್ಕೆವು. ಅವಳು ನಗಲಿಲ್ಲ. "ಕೊಚ್ಚಿವರೆಗೆ ಬರ್ತೇನೆ. ಹಡಗು ನೋಡಿ ಮತ್ತೆ ಹೇಳ್ತೇನೆ" ಎಂದಳು.

ಹಡಗಿನ ಆಸೆ ಅವಳಿಗೆ ಹೊಸತಲ್ಲ. ಅವಳ ತವರು ಕಾಪು. ಲೈಟ್‌ಹೌಸಿನ ಹತ್ತಿರದ ಮನೆ, ಮಲಗಿದಲ್ಲಿಗೆ ಸಮುದ್ರ ಕೇಳುತ್ತದೆ. ಚಿಕ್ಕವಳಿದ್ದಾಗ ಸಂಜೆ ದೂರದಲ್ಲಿ ಹಡಗಿನ ದೀಪ ಕಂಡರೆ ಅದು ಕಣ್ಣಿಗೆ ತಪ್ಪುವವರೆಗೆ ಒಳಗೆ ಬರುತ್ತಿರಲಿಲ್ಲವಂತೆ. ಆದ್ದರಿಂದ ನಾವು ವಿಷಯವನ್ನು ಹೀಗೆ ಅರ್ಥ ಮಾಡಿಕೊಂಡೆವು: ಒಂದು ಕಡೆ ಅವಳ ಹಳೆಯ ಆಸೆ, ಇನ್ನೊಂದು ಕಡೆ ಅಷ್ಟು ವರ್ಷ ಮಾಡಿಕೊಂಡು ಬಂದ ದೇವರ ಅಡುಗೆ. ಎರಡರಲ್ಲಿ ಒಂದನ್ನು ಬಿಡಬೇಕು. ಪಾಪ, ಎಂದುಕೊಂಡೆವು.

ಕೊಚ್ಚಿಯಲ್ಲಿ ಎರಡು ದಿನ ಉಳಿಯುವ ಯೋಜನೆ ಹುಟ್ಟಿದ್ದು ಹೀಗೆ. ಹಡಗು ಹೊರಡುವ ಮೊದಲು ಊರು ನೋಡುವುದು, ಅಪ್ಪನೂ ಬರುವುದು. ಅಮ್ಮ ಹಡಗು ಹತ್ತದಿದ್ದರೆ ಇಬ್ಬರೂ ಒಟ್ಟಿಗೆ ರೈಲಿನಲ್ಲಿ ವಾಪಸು. ಅದಕ್ಕಾಗಿ ಹಿಂದಿರುಗುವ ಎರಡು ಸೀಟನ್ನೂ ಕಾದಿರಿಸಿದೆ. ಅಷ್ಟು ದಿನ ಪೂಜೆ, ಅಡುಗೆ ಎರಡನ್ನೂ ನೋಡಿಕೊಳ್ಳಲು ಬೆಳ್ಮಣ್ಣಿನಲ್ಲಿರುವ ದೊಡ್ಡಪ್ಪ ಒಪ್ಪಿದರು. ಅವರೂ ಪೂಜೆಯಲ್ಲೇ ವಯಸ್ಸಾದವರು.

ಯಾವ ಜಾಗ ನೋಡುವುದು ಎಂಬ ಪಟ್ಟಿಯಲ್ಲಿ ಒಬ್ಬೊಬ್ಬರದು ಒಂದೊಂದು ಲೆಕ್ಕಾಚಾರ. ಅಮ್ಮನಿಗೆ ನೀರಿನ ಹೆದರಿಕೆ ಏನಾದರೂ ಇದ್ದರೆ ಹೋಗಲಿ ಎಂದು ನಾನು ಮೊದಲ ದಿನವೇ ದೋಣಿ ಪ್ರಯಾಣ ಹಾಕಿದೆ. ಭಾವ ಬಂದರಿನ ಹತ್ತಿರದ ಹೋಟೆಲ್ ಹುಡುಕಿದರು, ಕಿಟಕಿಯಿಂದಲೇ ಹಡಗು ಕಾಣಲಿ ಎಂದು. ಅಕ್ಕ ಸೀರೆ ಅಂಗಡಿ ಸೇರಿಸಿದಳು. ಅಪ್ಪ ಎರಡನೇ ದಿನ ಬೆಳಗಿನ ಜಾವಕ್ಕೆ ದೇವಸ್ಥಾನ ಹಾಕಿಸಿದರು. "ಬಾಗಿಲು ತೆಗೆಯುವ ಹೊತ್ತಿಗೆ ಅಲ್ಲಿರಬೇಕು, ಹಿಂದಿನ ದಿನದ ಹೂ ತೆಗೆಯುವ ಮೊದಲು ನಿರ್ಮಾಲ್ಯ ನೋಡಬೇಕು" ಎಂದರು. ದೇವರ ದರ್ಶನವಾದರೆ ಅಮ್ಮನ ಮನಸ್ಸು ಮನೆಯ ಕಡೆ ತಿರುಗುತ್ತದೆ ಎಂಬ ಉಪಾಯ ಇದು ಎಂದು ಭಾವ ನನ್ನ ಕಿವಿಯಲ್ಲಿ ಹೇಳಿದರು. ನನಗೂ ಹಾಗೆಯೇ ಅನಿಸಿತ್ತು.

"ಅಮ್ಮ, ನಿನಗೆ ಎಂತ ನೋಡಬೇಕು?" ಎಂದು ಕೇಳಿದೆ.

"ಒಂದು ಹೊತ್ತು ಖಾಲಿ ಇಡು."

"ಖಾಲಿ ಅಂದರೆ?"

"ಎಲ್ಲಿಗೂ ಹೋಗುವುದು ಬೇಡ. ಸುಮ್ಮನೆ ಕೂತುಕೊಳ್ಳುವುದು."

"ಅದಕ್ಕೆ ಕೊಚ್ಚಿಗೆ ಹೋಗಬೇಕಾ ಮಾರಾಯ್ತಿ? ಇಲ್ಲೇ ಕೂತುಕೊಳ್ಳಬಹುದಲ್ಲ" ಎಂದು ಅಕ್ಕ ನಕ್ಕಳು.

"ಇಲ್ಲಿ ಎಲ್ಲಿ ಆಗ್ತದೆ?" ಎಂದು ಅಮ್ಮ ಒಳಗೆ ಹೋದಳು.

ಉಡುಪಿಯಿಂದ ಸಂಜೆಯ ರೈಲಿಗೆ ಹೊರಟೆವು. ಮೊದಲ ದಿನ ಪಟ್ಟಿಯ ಪ್ರಕಾರವೇ ನಡೆಯಿತು. ಎರ್ನಾಕುಲಂನಿಂದ ಫೋರ್ಟ್ ಕೊಚ್ಚಿಗೆ ದೋಣಿಯಲ್ಲಿ ಹೋಗುವಾಗ ಅಪ್ಪ ಎರಡೂ ದಡಗಳನ್ನು ನೋಡಿಕೊಂಡೇ ಕುಳಿತಿದ್ದರು. "ಮಾವ, ಎರಡು ಕಡೆಯೂ ಕಾಣ್ತದೆ, ಹೆದರಬೇಡಿ" ಎಂದು ಭಾವ ಕೀಟಲೆ ಮಾಡಿದರು. ಚೀನಾ ಬಲೆ ಏಳುವುದು ಇಳಿಯುವುದು ನೋಡಿದೆವು. ಮಟ್ಟಾಂಚೇರಿಯ ಅರಮನೆಯಲ್ಲಿ ಗೋಡೆಯ ಚಿತ್ರಗಳನ್ನು ಅಪ್ಪ ಒಂದೊಂದಾಗಿ ಓದುವವರ ಹಾಗೆ ನೋಡಿದರು. ಅಮ್ಮ ಎಲ್ಲದಕ್ಕೂ "ಚಂದ ಉಂಟು" ಎಂದಳು. ಹಡಗಿನ ಮಾತೇ ಎತ್ತಲಿಲ್ಲ. ಹಿಂದಿರುಗುವಾಗ ಹೋಟೆಲಿನ ಕೌಂಟರಿನವರ ಹತ್ತಿರ ಹೋಗಿ ತನಗೆ ಬರುವಷ್ಟು ಹಿಂದಿಯಲ್ಲಿ ಒಂದೇ ವಿಷಯ ವಿಚಾರಿಸಿದಳು: ಬೆಳಗ್ಗೆ ತಿಂಡಿ ಎಷ್ಟು ಹೊತ್ತಿನವರೆಗೆ ಸಿಗುತ್ತದೆ?

ಮರುದಿನ ಬೆಳಗಿನ ಜಾವ ನಾನೂ ಅಕ್ಕನೂ ತಯಾರಾಗಿ ಅವರ ಕೋಣೆಯ ಬಾಗಿಲು ತಟ್ಟಿದೆವು. ಅಪ್ಪ ತೆರೆದರು. ಸ್ನಾನ ಮುಗಿಸಿ, ಗಂಧ ಹಚ್ಚಿಕೊಂಡು ನಿಂತಿದ್ದರು.

"ಅವಳು ಮಲಗಿದ್ದಾಳೆ" ಎಂದರು.

"ಏಳಿಸುವುದಲ್ವಾ? ನಿರ್ಮಾಲ್ಯ ತಪ್ಪುತ್ತದೆ."

"ಬೇಡ. ದೇವರು ಅಲ್ಲೇ ಇರ್ತಾರೆ" ಎಂದು ಬಾಗಿಲನ್ನು ಸದ್ದಾಗದಂತೆ ಎಳೆದುಕೊಂಡರು.

ಅಮ್ಮ ಬಿಸಿಲು ಬಂದ ಮೇಲೆ ಎದ್ದಳು. ಕೆಳಗೆ ಬಂದು ಇಡ್ಲಿ ತಿಂದಳು. ಅಪ್ಪ ಮನೆಯಿಂದ ತಂದ ಅವಲಕ್ಕಿಯನ್ನೇ ತಿಂದರು. ಅಮ್ಮ ಇನ್ನೊಂದು ಕಾಫಿ ತರಿಸಿಕೊಂಡಳು. ಯಾರೋ ತಂದು ಎದುರಿಗಿಟ್ಟ ಕಾಫಿಯನ್ನು ಅವಳು ಅಷ್ಟು ನಿಧಾನವಾಗಿ ಕುಡಿದದ್ದು ನನಗೆ ಚೆನ್ನಾಗಿ ನೆನಪಿದೆ. ಇದರಲ್ಲಿ ಮಾತ್ರ ಅಕ್ಕನದೂ ನನ್ನದೂ ಒಂದೇ ನೆನಪು. ಅವತ್ತು ದೇವಸ್ಥಾನಕ್ಕೂ ಹೋಗಲಿಲ್ಲ, ಸೀರೆ ಅಂಗಡಿಗೂ ಹೋಗಲಿಲ್ಲ. ಅವಳು ಕೇಳಿದ ಖಾಲಿ ಹೊತ್ತು ಮಧ್ಯಾಹ್ನದವರೆಗೂ ಹಿಡಿಯಿತು.

ಮಧ್ಯಾಹ್ನ ಊಟ ಮುಗಿಸಿ ಬಂದರಿನ ಗೇಟಿಗೆ ಹೋದೆವು. ಹಡಗು ದೊಡ್ಡ ಕಟ್ಟಡವನ್ನು ಅಡ್ಡ ಮಲಗಿಸಿದ ಹಾಗೆ ಕಾಣುತ್ತಿತ್ತು. ಟಿಕೆಟ್ ಇಲ್ಲದವರು ಗೇಟಿನಿಂದ ಒಳಗೆ ಬರುವಂತಿರಲಿಲ್ಲ. ನಾವು ಮೂವರೂ ಅಮ್ಮನ ಮುಖ ನೋಡಿದೆವು. ಅವಳು ಬಾರದಿದ್ದರೆ ನಾನೂ ಹೋಗುವುದಿಲ್ಲ ಎಂದು ಮನಸ್ಸಿನಲ್ಲೇ ತೀರ್ಮಾನ ಮಾಡಿದ್ದೆ.

"ಯೋಚನೆ ಮಾಡು" ಎಂದರು ಅಪ್ಪ.

"ಯೋಚನೆ ಮಾಡಿ ಆಯ್ತು. ನೀವು ಅವಲಕ್ಕಿ ಇಟ್ಟುಕೊಂಡಿದ್ದೀರಲ್ಲ? ರೈಲಿನಲ್ಲಿ ಕಂಡ ಕಂಡದ್ದು ತಿನ್ನಬೇಡಿ" ಎಂದಳು ಅಮ್ಮ. ತನ್ನ ಚೀಲ ತಾನೇ ಎತ್ತಿಕೊಂಡು ಗೇಟು ದಾಟಿದಳು.

ಅಪ್ಪ ಕೈ ಎತ್ತಿದರು ಎಂದು ನೆನಪು. ಬೀಸಿದ್ದೋ, ಬಿಸಿಲಿಗೆ ಅಡ್ಡ ಹಿಡಿದದ್ದೋ ಗೊತ್ತಿಲ್ಲ.

ಸಂಜೆ ಹಡಗು ಹೊರಟಾಗ ನಾವೆಲ್ಲ ಮೇಲಿನ ಡೆಕ್ಕಿನಲ್ಲಿದ್ದೆವು. ಹಿಂದಿನ ದಿನ ನಿಂತು ನೋಡಿದ್ದ ಚೀನಾ ಬಲೆಗಳನ್ನು ಈಗ ಸಮುದ್ರದ ಕಡೆಯಿಂದ ಕಂಡೆವು. ಅಮ್ಮನಿಗೆ ದೂರದ್ದು ಸರಿಯಾಗಿ ಕಾಣುವುದಿಲ್ಲ. "ದಡ ಕಾಣ್ತದಾ?" ಎಂದು ನನ್ನನ್ನು ಕೇಳಿದಳು. ಕಾಣ್ತದೆ ಎಂದೆ. ಮತ್ತೆ ಸ್ವಲ್ಪ ಹೊತ್ತಿಗೆ, "ಈಗ?" ಆಗಲೂ ಮಬ್ಬಾಗಿ ಕಾಣುತ್ತಿತ್ತು. ಭಾವ ತಿಂಡಿ ತರಲು ಹೋಗಿ ಬಂದರು. ಅಕ್ಕ ಫೋಟೋ ತೆಗೆದು ಮುಗಿಸಿದಳು. ಅಮ್ಮ ಕಂಬಿ ಹಿಡಿದು ನಿಂತೇ ಇದ್ದಳು. ಕೊನೆಗೊಮ್ಮೆ ಕೇಳಿದಾಗ, "ಇಲ್ಲ ಅಮ್ಮ, ಈಗ ಎಂತದೂ ಕಾಣುವುದಿಲ್ಲ" ಎಂದೆ.

"ಆಯ್ತು ಹಾಗಾದರೆ" ಎಂದು ಕುರ್ಚಿಯಲ್ಲಿ ಕುಳಿತು ಕಾಲು ಚಾಚಿದಳು.

ಅವಳ ಕಣ್ಣಲ್ಲಿ ನೀರಿತ್ತು ಎಂದು ಅಕ್ಕ ಹೇಳುತ್ತಾಳೆ. ಗಾಳಿ ಜೋರಿತ್ತು ಎಂದು ನಾನು ಹೇಳುತ್ತೇನೆ. ಆಗ ನನಗೆ ಬೇಸರವೇ ಆಗಿತ್ತು. ಇವಳಿಂದ ದೇವರ ಕೆಲಸ ತಪ್ಪಿಸಿದೆವಲ್ಲ ಎಂದು ಸಮಾಧಾನದ ಮಾತು ಹುಡುಕುತ್ತಿದ್ದೆ. ಅಷ್ಟರಲ್ಲಿ ಅವಳೇ, "ನಾಳೆ ನಾನಾಗಿ ಏಳದಿದ್ದರೆ ಕರೆಯಬೇಡ, ಹಾಂ?" ಎಂದಳು.

ಮುಂಬೈಯಿಂದ ಹಿಂದಿರುಗಿದ ಮೇಲೆ ಅಕ್ಕ ಅಪ್ಪನಿಗೆ, "ಇದಕ್ಕೆ ಪ್ರಾಯಶ್ಚಿತ್ತ ಅಂತ ಇರ್ತದಲ್ಲ, ಅದನ್ನು ಮಾಡಿಸಿ. ಅಮ್ಮ ಮತ್ತೆ ಅಡುಗೆ ಮಾಡಲಿ" ಎಂದಳು. "ನೋಡುವ" ಎಂದರು ಅಪ್ಪ. ಅಮ್ಮನೂ "ನೋಡುವ" ಎಂದಳು. ಆ ನೋಡುವುದು ಇಂದಿನವರೆಗೂ ಆಗಿಲ್ಲ. ಅಪ್ಪನೇ ಇನ್ನಷ್ಟು ಬೇಗ ಎದ್ದು ಅನ್ನ, ಪಾಯಸ ಮಾಡಿಟ್ಟು ಪೂಜೆಗೆ ಹೋಗುತ್ತಾರೆ. ಅಮ್ಮ ಆರೂವರೆಗೆ ಏಳುತ್ತಾಳೆ. ಮೊದಲ ಧನುರ್ಮಾಸದಲ್ಲಿ ನಾನು ಮನೆಯಲ್ಲಿದ್ದೆ. ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ಕೇಳಿ ಅಮ್ಮ ಎದ್ದಿರಬೇಕು ಎಂದು ನೋಡಿದರೆ, ಅವಳು ಕಂಬಳಿಯೊಳಗೆ ಮಗ್ಗುಲು ಬದಲಿಸುತ್ತಿದ್ದಳು.

ಆಮೇಲೆ ನಾನು ಯೋಚಿಸಲು ಶುರು ಮಾಡಿದೆ. ಮನೆಯಲ್ಲಿ ಸಾವಿನ ಸೂತಕ ಬಂದರೆ, ತಿಂಗಳ ಆ ದಿನಗಳಾದರೆ, ಅವಳಿಗೆ ಅಡುಗೆಯಿಂದ ರಜೆ. ಮುಟ್ಟು ನಿಂತ ಮೇಲೆ ಆ ರಜೆಯೂ ಹೋಯಿತು. ಸಾಕಾಯಿತು ಎಂದು ಬಾಯಿಬಿಟ್ಟು ಹೇಳುವಂತಿಲ್ಲ. ಅದು ದೇವರ ಕೆಲಸ. ಒಂದು ದಿನ ಅಮ್ಮನ ಮಂಡಿಗೆ ಎಣ್ಣೆ ಹಚ್ಚುತ್ತಾ, "ನಿನಗೆ ಸಮುದ್ರ ನೋಡಬೇಕಿತ್ತಾ, ಅಡುಗೆ ಬಿಡಬೇಕಿತ್ತಾ?" ಎಂದು ಕೇಳಿದೆ. "ಎರಡೂ" ಎಂದಳು, ಇಷ್ಟು ಸರಳ ವಿಷಯ ಕೇಳುತ್ತೀಯಲ್ಲ ಎಂಬಂತೆ. ಅಲ್ಲಿಗೆ ವಿಷಯ ಮುಗಿಯಿತು ಎಂದುಕೊಂಡಿದ್ದೆ.

ಕಳೆದ ವರ್ಷ ಬೆಳ್ಮಣ್ಣಿನಲ್ಲಿ ದೊಡ್ಡಪ್ಪನ ಮೊಮ್ಮಗನ ಉಪನಯನವಿತ್ತು. ಊಟದ ನಂತರ ದೊಡ್ಡಪ್ಪ ಎಲೆ ಅಡಿಕೆ ಹಾಕಿಕೊಂಡು ಕುಳಿತಿದ್ದರು. "ನಿನ್ನ ಅಮ್ಮ ಈಗಲೂ ನೈವೇದ್ಯ ಮಾಡುವುದಿಲ್ಲವಾ?" ಎಂದು ಕೇಳಿದರು. "ಅವಳು ಸಮುದ್ರ ದಾಟಿದ್ದಾಳಲ್ಲ ದೊಡ್ಡಪ್ಪ" ಎಂದೆ.

"ಅದು ಪೂಜೆ ಮಾಡುವವನಿಗೆ. ಮನೆಯ ಹೆಂಗಸರಿಗೆ ಹಾಗೆ ಉಂಟು ಅಂತ ನಾನು ಎಲ್ಲಿಯೂ ಕೇಳಿಲ್ಲ. ನಮ್ಮ ಅಪ್ಪನೂ ಹೇಳಿದವರಲ್ಲ. ಯಾರು ಹೇಳಿದ್ದು ನಿಮಗೆ?"

ನಾನು ಎಲೆ ಅಡಿಕೆಯ ತಟ್ಟೆಯನ್ನು ಅವರ ಹತ್ತಿರಕ್ಕೆ ಸರಿಸಿದೆ.

ಅಂದಿನಿಂದ ಆ ಭಾನುವಾರ ಸಂಜೆಯನ್ನು ಎಷ್ಟು ಸಲ ನೆನಪಿಗೆ ತಂದುಕೊಂಡೆನೋ. ತಂದುಕೊಂಡಷ್ಟೂ ಅದು ಬದಲಾಗುತ್ತದೆ. ಒಮ್ಮೊಮ್ಮೆ ಅಪ್ಪನ ಮುಖ ಗಂಟಿಕ್ಕಿರುತ್ತದೆ, ಒಮ್ಮೊಮ್ಮೆ ಅಕ್ಕ ಹೇಳಿದ ಹಾಗೆ ನಗುತ್ತಿರುತ್ತದೆ. ಯಾವುದು ನಿಜ ಎಂದು ಹೇಳಬಲ್ಲವರು ಅವರೊಬ್ಬರೇ. ಹೋದ ತಿಂಗಳು ಇನ್ನಂಜೆಗೆ ಹೋದಾಗ ಬೆಳಿಗ್ಗೆ ಬೇಗ ಎದ್ದು ಅಡುಗೆಮನೆಯ ಹೊಸ್ತಿಲಿನ ಹೊರಗೆ ನಿಂತೆ. ಅಪ್ಪ ಮಡಿಯಲ್ಲಿದ್ದರು, ಅಕ್ಕಿ ತೊಳೆಯುತ್ತಿದ್ದರು. ನಾನು ಕೇಳಿದ್ದು ಅವರಿಗೆ ಕೇಳಿಸಿದೆ. ಯಾಕೆಂದರೆ ಕೈ ಒಂದು ಕ್ಷಣ ನಿಂತಿತು. ಆಮೇಲೆ ನೀರು ಬಸಿದು ಅಕ್ಕಿಯನ್ನು ಪಾತ್ರೆಗೆ ಹಾಕಿದರು. ಅವತ್ತು ಸಂಜೆಯೂ, ಆಮೇಲೆ ಫೋನಿನಲ್ಲೂ ಆ ಮಾತಿಗೆ ಅವರು ಬಂದಿಲ್ಲ. ನಾನು ಕೇಳಿದ್ದು ಇಷ್ಟೇ:

"ಅಪ್ಪ, ಇಲ್ಲದ ನಿಯಮ ಉಂಟು ಅಂತ ಯಾಕೆ ಹೇಳಿದಿರಿ? ಅಮ್ಮ ಹೋಗದೆ ಇರಲಿ ಅಂತಲಾ, ಹೋಗಲಿ ಅಂತಲಾ?"