ಪ್ಲಗ್ ಮೇಲಿನ ಕೆಂಪು ಚುಕ್ಕೆ

ಸ್ಪಾರ್ಕ್ ಪ್ಲಗ್ಗಿನ ಬಿಳಿ ಪಿಂಗಾಣಿಯ ಮೇಲೆ ಸಾಸಿವೆಯಷ್ಟು ಕೆಂಪು ಉಗುರುಬಣ್ಣ. ಹಚ್ಚಿದವಳು ನಾನೇ; ನಿಜವಾಗಿ ಬದಲಿಸುತ್ತಾರೋ ಇಲ್ಲವೋ ತಿಳಿಯಲೆಂದು ಬೈಕ್‌ನ ಉಳಿದ ಬಿಡಿಭಾಗಗಳಿಗೂ ಹಚ್ಚಿದ್ದೆ. ವಿಜಯಪುರದ ಇಬ್ಬರು ಮೆಕ್ಯಾನಿಕ್‌ಗಳು "ಹೊಸಾ ಪ್ಲಗ್ ಹಾಕೇನ್ರಿ" ಎಂದು ಹೇಳಿ ಬೈಕ್ ಮರಳಿ ಕೊಟ್ಟಿದ್ದರು. ಮನೆಯಲ್ಲಿ ಬಿಚ್ಚಿ ನೋಡಿದರೆ ಎರಡು ಸಲವೂ ನನ್ನ ಚುಕ್ಕೆ ಅಲ್ಲೇ ಇತ್ತು. ಬಬಲೇಶ್ವರಕ್ಕೆ ಕೆಲಸಕ್ಕೆ ಹೊರಟಾಗ ಅಪ್ಪನ ಹಳೆಯ ಬೈಕ್ ನಡುದಾರಿಯಲ್ಲಿ ನಿಲ್ಲುವುದೂ ತಪ್ಪಲಿಲ್ಲ.

ತಿಕೋಟಾದ ಮೆಕ್ಯಾನಿಕ್ ಪ್ಲಗ್ ಬಿಚ್ಚಿದವರೇ ಚುಕ್ಕೆ ನೋಡಿ ನಕ್ಕರು. "ನಮ್ಮನ್ನ ಪರೀಕ್ಷಾ ಮಾಡಾಕ ಬಂದೀರೇನ್ರಿ ಅಕ್ಕಾರ? ಪ್ಲಗ್ ಚೊಲೋ ಐತ್ರಿ, ಬದಲಿ ಮಾಡೂದು ಬ್ಯಾಡ. ಕಾರ್ಬೊರೇಟರ್‌ನ್ಯಾಗ ಕಸ ಕುಂತೈತಿ."

ನನಗೆ ನಾಚಿಕೆಯಾಯಿತು. ಕಸ ತೆಗೆದ ಮೇಲೆ ಒಂದೇ ಕಿಕ್ಕಿಗೆ ಬೈಕ್ ಶುರುವಾದಾಗ ಮಾತ್ರ, ಮಾತು ಕಡಿಮೆಯ ನಾನು ದಾರಿಯುದ್ದಕ್ಕೂ ಹೆಲ್ಮೆಟ್‌ನೊಳಗೆ ಹಾಡಿಕೊಂಡೇ ಬಂದೆ.

ಮರುದಿನ ಬೆಳಿಗ್ಗೆ ಹತ್ತಿ, ಉಗುರುಬಣ್ಣದ ರಿಮೂವರ್ ಹಿಡಿದು ಕೂತು, ಬೈಕ್‌ನ ಬಿಡಿಭಾಗಗಳ ಮೇಲಿದ್ದ ಚುಕ್ಕೆಗಳನ್ನೆಲ್ಲ ಅಳಿಸಿದೆ.