ಮೊದಲ ಸರದಿಯ ‘ನೋಡೋಣ’

ನನ್ನ ಬಾಯಿಗೆ ಅಂಟಿಕೊಂಡ ಮಾತು ‘ನೋಡೋಣ’. ಈಗ ಅದನ್ನು ಆಡುವುದಕ್ಕೂ ಬೇಸರ.

ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ವಿದ್ಯಾರಣ್ಯಪುರದ ನಮ್ಮ ಮನೆಯಲ್ಲಿ ಐದು ಜನ ಇಸ್ಪೀಟಿನ ಪೋಕರ್‌ಗೆ ಕೂರುತ್ತಿದ್ದೆವು. ಎಲ್ಲರೂ ಐವತ್ತು ದಾಟಿದವರು. ಪಣಕ್ಕೆ ಹುಣಸೆ ಬೀಜ. ಸೋತವನು ಎಲ್ಲರಿಗೂ ಬೋಂಡಾ ತರಬೇಕು. ಬೀಜಕ್ಕೆ ಯಾರು ಹೆದರುತ್ತಾರೆ? ಎಂಥ ಎಲೆ ಬಂದರೂ ಯಾರೂ ಆಟ ಬಿಡುತ್ತಿರಲಿಲ್ಲ. ಒಬ್ಬೊಬ್ಬರಿಗೆ ಎರಡೆರಡು ಎಲೆ, ಆಮೇಲೆ ಎಲ್ಲರಿಗೂ ಸೇರಿ ನಡುವೆ ಐದು ಎಲೆ. ಹಂಚಿದವನ ಪಕ್ಕದವನು ಮೊದಲು ಮಾತಾಡಬೇಕು. ಆಮೇಲೆ ಆಡುವವರ ಕೈಯಲ್ಲಿ ಏನಿದೆಯೋ ಗೊತ್ತಿಲ್ಲದ ಆ ಸರದಿಯಲ್ಲಿ ಗಟ್ಟಿ ಎಲೆ ಇದ್ದರೆ ಮಾತ್ರ ಇಳಿಯಬೇಕು ಅಂತ ನನಗೂ ಗೊತ್ತಿತ್ತು. ಆದರೆ ಕಳಾವರದ ಆರು, ಏಳು ಜೊತೆಯಾಗಿ ಬಂತೋ, ಮುಗಿಯಿತು. ನಡುವೆ ಇನ್ನೂ ಮೂರು ಕಳಾವರ ಬಿದ್ದು ಐದೂ ಒಂದೇ ಜಾತಿಯಾದರೆ? ಐದು, ಎಂಟು, ಒಂಬತ್ತು ಬಿದ್ದು ಸಾಲು ಕೂಡಿದರೆ? ‘ನೋಡೋಣ’ ಎಂದು ಬೀಜ ತಳ್ಳುತ್ತಿದ್ದೆ.

ನನ್ನ ನಂತರದವನು ಪಣವನ್ನು ಮೂರು ಪಟ್ಟು ಏರಿಸುತ್ತಿದ್ದ. ಆಗಲಾದರೂ ಬಿಡಬೇಕಲ್ಲ, ಹಾಳಾದ್ದು, ಬಿಡುತ್ತಿರಲಿಲ್ಲ. ಹೊಲವಿದ್ದ ಜಾಗದಲ್ಲಿ ಬಾಡಿಗೆ ಮನೆ ಕಟ್ಟಿಸಿರುವ ಕೋಗಿಲು ಊರಿನ ಗೆಳೆಯ ನಗುತ್ತಿದ್ದ. “ಕೂಸು ಉಟ್ಟೋಕ್ ಮುಂಚೆ ಕುಲಾವಿ ಒಲಿಸ್ತೀಯಲ್ಲೋ ಮಗಾ! ಇಂಗಾದ್ರೆ ವಾರ ವಾರ ಬೋಂಡಾ ನಿಂದೇ.”

ಹೀಗಿರುವಾಗ ನನ್ನ ಹೆಂಡತಿಗೆ ಯಲಹಂಕದ ಒಂದು ಶಾಲೆಯಲ್ಲಿ ಸಂಗೀತ ಕಲಿಸುವ ಕೆಲಸ ಸಿಕ್ಕಿತ್ತು. ಇಪ್ಪತ್ತು ವರ್ಷ ಒಲೆ ಮುಂದೆ ಹಾಡಿಕೊಂಡವಳು. ಬೆಳಿಗ್ಗೆ ಏಳರ ಬಸ್ಸು ಹಿಡಿಯಬೇಕು. “ಅಮ್ಮನ ತಿಂಡಿ, ಮಾತ್ರೆ ನೀವು ನೋಡ್ಕೊಂಡ್ರೆ ನಾನು ಹೋಗ್ಬಹುದು. ಏನಂತೀರಾ?” ಎಂದು ಕೇಳಿದಳು. ನನ್ನ ಆಫೀಸು ಹತ್ತಕ್ಕೆ. ವಯಸ್ಸಾದ ನನ್ನಮ್ಮನಿಗೆ ಎರಡು ಇಡ್ಲಿ, ಒಂದು ಮಾತ್ರೆ, ಅಷ್ಟೇ. ಆದರೂ ‘ನೋಡೋಣ’ ಎಂದೆ. ಬುಧವಾರ ಮತ್ತೆ ಕೇಳಿದಳು, ನೋಡೋಣ. ಶುಕ್ರವಾರವೂ ನೋಡೋಣ. ಬೇಗ ಏಳಲು ಸೋಮಾರಿತನ, ಬೇರೇನೂ ಕಾರಣವಿರಲಿಲ್ಲ. ಬರೆಯುವುದಕ್ಕೆ ನಾಚಿಕೆಯಾಗುತ್ತದೆ.

ಆ ಭಾನುವಾರ ಮೊದಲ ಸರದಿ ನನ್ನದು. ಅದೇ ಕಳಾವರದ ಆರು, ಏಳು. ‘ನೋಡೋಣ’ ಎಂದು ಬೀಜ ತಳ್ಳಿದೆ. ಟೀ ಲೋಟ ಇಡುತ್ತಿದ್ದ ಹೆಂಡತಿ ಕೋಗಿಲಿನವನನ್ನು ಕೇಳಿದಳು.

“ಅಣ್ಣಾ, ಇವ್ರು ನೋಡೋಣ ಅಂದ್ರೆ ಏನರ್ಥ?”

“ಆಟಕ್ಕೆ ಬಂದ ಅಂತ ಕಣಮ್ಮ. ಎಂಥಾ ಎಲೆ ಬಂದ್ರೂ ಇವ್ನು ಇಲ್ಲ ಅನ್ನಲ್ಲ.”

“ಹೌದಾ? ನಾನು ಇಲ್ಲ ಅಂತ ಅಂದ್ಕೊಂಡಿದ್ದೆ” ಎಂದು ಖಾಲಿ ತಟ್ಟೆ ಎತ್ತಿಕೊಂಡು ಒಳಗೆ ಹೋದಳು.

ಉಳಿದವರು ನಕ್ಕರು. ನಾನು ಎಲೆ ಮಗುಚಿಟ್ಟು ಅಡುಗೆಮನೆಗೆ ಹೋದೆ. “ಹೋಗು ಕಣೇ. ಅಮ್ಮನ್ನ ನಾನು ನೋಡ್ಕೋತೀನಿ” ಎಂದೆ.

ಪಾತ್ರೆ ತೊಳೆಯುತ್ತಿದ್ದವಳು ತಿರುಗಲಿಲ್ಲ. “ನಿನ್ನೆ ಸ್ಕೂಲಿಂದ ಫೋನ್ ಮಾಡಿದ್ರು ಕಣ್ರೀ. ಆಗಲ್ಲ ಅಂದ್ಬಿಟ್ಟೆ.”

“ಏನ್ ಗುರು, ಇದೀಯಾ ಬಿಟ್ಯಾ?” ಎಂದು ಹೊರಗಿನಿಂದ ಕೂಗಿದರು.

ಆಟ ಈಗಲೂ ಇದೆ. ಮೊದಲ ಸರದಿ ಬಂದರೆ ಸುಮ್ಮನೆ ಎಲೆ ಬಿಟ್ಟುಬಿಡುತ್ತೇನೆ. ಬೆಳಿಗ್ಗೆ ಆರಕ್ಕೇ ಎದ್ದು ಅಮ್ಮನಿಗೆ ಇಡ್ಲಿ, ಮಾತ್ರೆ ನಾನೇ ಕೊಡುತ್ತೇನೆ. ಏಳರ ಬಸ್ಸು ನಮ್ಮ ಮನೆ ಮುಂದೆಯೇ ಹಾದುಹೋಗುತ್ತದೆ. ಅವಳು ಮನೆಯಲ್ಲೇ ಇರುತ್ತಾಳೆ.